ಟ್ಯಾಕ್ಟಿಕ್ಸ್ ಅಸಿಸ್ಟೆಂಟ್ ಕೈಗೆ ಕೊಟ್ಟರೆ? ಫುಟ್‌ಬಾಲ್ ಮ್ಯಾನೇಜರ್ 2024 ವಿಮರ್ಶೆ

ಫುಟ್‌ಬಾಲ್ ಮ್ಯಾನೇಜರ್ ಅಂದರೆ ಒಂದು ಕ್ಲಬ್ಬಿನ ಮ್ಯಾನೇಜರ್ ಆಗಿ ತಂಡ ನಡೆಸುವ ಕಂಪ್ಯೂಟರ್ ಆಟ. ಈ ಸರಣಿಯ ಹೊಸ ಆಟ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಬರುತ್ತದೆ. 2024ರ ಆವೃತ್ತಿ ಬಿಡುಗಡೆಯಾದದ್ದು 2023ರ ನವೆಂಬರ್ 6ಕ್ಕೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಅರೇಬಿಕಾ ಕೊಯ್ಲು ಶುರುವಾಗುವುದೂ ಅದೇ ದಿನಗಳಲ್ಲಿ. ಬೆಳಿಗ್ಗೆ ತೋಟ, ಸಂಜೆ ಕಣ, ಊಟವಾದ ಮೇಲೆ ಸಿಗುವುದು ಹೆಚ್ಚೆಂದರೆ ಒಂದು ತಾಸು. ಹಾಸನದ ಹಾಸ್ಟೆಲ್‌ಗಳಲ್ಲಿ ಇಂಟರ್ನಲ್ಸ್ ಹತ್ತಿರ ಬಂದಾಗಲೂ ಇದೇ ಕಥೆ. ಈ ಆಟವಾದರೋ ಕೇಳಿದಷ್ಟು ಹೊತ್ತನ್ನೂ ನುಂಗುತ್ತದೆ. ತರಬೇತಿ, ಎದುರಾಳಿಯ ಅಧ್ಯಯನ, ಹನ್ನೊಂದರ ಆಯ್ಕೆ, ಪತ್ರಿಕಾಗೋಷ್ಠಿ, ಒಪ್ಪಂದ, ಅದರ ಮೇಲೆ ಮ್ಯಾಚ್. ಹಾಗಾಗಿ ಇಲ್ಲಿನ ಆಟಗಾರರು ಮೊದಲು ಕೇಳುವುದು ಗ್ರಾಫಿಕ್ಸ್ ಹೇಗಿದೆ ಅಂತಲ್ಲ, ತಂತ್ರದ ಕೆಲಸವನ್ನು ಕಂಪ್ಯೂಟರ್‌ಗೆ ಬಿಟ್ಟರೆ ನಡೆಯುತ್ತದಾ ಅಂತ.

ನಡೆಯುತ್ತದೆ, ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದು ಗೊತ್ತಿರಬೇಕು. ತೋಟದ ರೈಟರ್‌ಗೆ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ಬಿಡುತ್ತೇವೆ. ಮರಗಸಿ ಯಾವಾಗ, ಯಾವ ಗಿಡ ಕಿತ್ತು ಹೊಸದು ಹಾಕಬೇಕು ಎಂಬುದನ್ನು ಬಿಡುವುದಿಲ್ಲ. ಈ ಆಟದ ಅಸಿಸ್ಟೆಂಟ್ ಮ್ಯಾನೇಜರ್‌ಗೂ ಗೆರೆ ಹೆಚ್ಚುಕಡಿಮೆ ಅಲ್ಲೇ ಎಳೆಯಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. "ಕಂಪ್ಯೂಟರ್‌ಗೆ ಬಿಟ್ಟೆ" ಅಂದಾಗ ಎಲ್ಲರಿಗೂ ಒಂದೇ ಕಂಪ್ಯೂಟರ್ ಸಿಗುವುದಿಲ್ಲ. ಕೆಲಸ ಹೋಗುವುದು ಆಟದೊಳಗೆ ನಿಮ್ಮ ಕ್ಲಬ್ಬಿನಲ್ಲಿರುವ ಒಬ್ಬ ನಿರ್ದಿಷ್ಟ ವ್ಯಕ್ತಿಯ, ಅಂದರೆ ಆ ಅಸಿಸ್ಟೆಂಟ್ ಕೈಗೆ. ಅವನಿಗೂ ಆಟಗಾರರ ಹಾಗೆಯೇ 1ರಿಂದ 20ರವರೆಗಿನ ಅಂಕಗಳಿವೆ. ಅವನ ಪ್ರೊಫೈಲ್ ತೆರೆದು ಟ್ಯಾಕ್ಟಿಕಲ್ ನಾಲೆಡ್ಜ್, ಆಟಗಾರರ ಈಗಿನ ಸಾಮರ್ಥ್ಯ ಅಳೆಯುವ ಶಕ್ತಿ, ಮುಂದೆ ಎಷ್ಟು ಬೆಳೆದಾರು ಎಂದು ಅಳೆಯುವ ಶಕ್ತಿ, ಮ್ಯಾನ್ ಮ್ಯಾನೇಜ್‌ಮೆಂಟ್, ಮೋಟಿವೇಟಿಂಗ್ ಈ ಐದನ್ನು ನೋಡಿ. ಕೆಳ ಡಿವಿಷನ್ನಿನ ಕ್ಲಬ್ಬಿಗೆ 10ರಿಂದ 12 ಇದ್ದರೆ ಸಂಭಾಳಿಸಬಹುದು. ಮೇಲಿನ ಲೀಗಿನಲ್ಲಿ ಮೊದಲ ಎರಡು 15ಕ್ಕಿಂತ ಕೆಳಗಿದ್ದರೆ ತಂಡದ ಆಯ್ಕೆಯನ್ನು ಅವನಿಗೆ ಬಿಡಬೇಡಿ. ಆಟಗಾರರ ಪಕ್ಕ ಕಾಣುವ ನಕ್ಷತ್ರಗಳು ಕೂಡ ಅವನ ಅಭಿಪ್ರಾಯವೇ. ಅಳೆಯುವ ಶಕ್ತಿ 7 ಇರುವವನು ಕೊಟ್ಟ ಮೂರೂವರೆ ನಕ್ಷತ್ರಕ್ಕೆ ಬೆಲೆ ಇಲ್ಲ. ನಕ್ಷತ್ರಗಳು ನಿಮ್ಮದೇ ತಂಡದ ಉಳಿದವರಿಗೆ ಹೋಲಿಸಿ ಕೊಟ್ಟವು ಎಂಬುದೂ ನೆನಪಿರಲಿ. ತಂಡ ಬಲವಾದಂತೆ ಅದೇ ಆಟಗಾರನ ನಕ್ಷತ್ರ ಇಳಿಯುತ್ತದೆ.

ಅದೇ ಪ್ರೊಫೈಲಿನಲ್ಲಿ ಹೆಚ್ಚಿನವರು ನೋಡದೆ ಬಿಡುವ ಇನ್ನೊಂದು ಭಾಗವಿದೆ: ಅವನಿಗೆ ಇಷ್ಟವಾದ ಫಾರ್ಮೇಷನ್ (ಮೈದಾನದಲ್ಲಿ ಆಟಗಾರರು ನಿಲ್ಲುವ ವ್ಯೂಹ), ಎರಡನೇ ಇಷ್ಟದ ಫಾರ್ಮೇಷನ್, ಆಟದ ಶೈಲಿ, ಪ್ರೆಸ್ಸಿಂಗ್ (ಬಾಲ್ ಇರುವವನ ಮೇಲೆ ಮುಗಿಬೀಳುವುದು) ಮತ್ತು ಮಾರ್ಕಿಂಗ್ (ಎದುರಾಳಿಯ ಬೆನ್ನು ಹತ್ತಿ ಕಾಯುವುದು) ರೀತಿ. ಅಂಕಗಳಿಗಿಂತ ಇದೇ ಮುಖ್ಯ ಎನ್ನುತ್ತೇನೆ. ನೀವು ನಾಲ್ಕು ಡಿಫೆಂಡರ್‌ಗಳನ್ನಿಟ್ಟು 4-3-3 ಆಡಿಸುವವರು, ಅವನು ಮೂವರು ಸೆಂಟರ್ ಬ್ಯಾಕ್ ಬೇಕೆನ್ನುವವನು ಎಂದಿಟ್ಟುಕೊಳ್ಳಿ. ಅವನ ಸಲಹೆಗಳು, ತಂಡಕ್ಕೆ ಯಾರು ಬೇಕೆಂಬ ವರದಿ, ನೀವಿಲ್ಲದಾಗ ಅವನು ಇಳಿಸುವ ಹನ್ನೊಂದು ಎಲ್ಲವೂ ನಿಮ್ಮ ಯೋಜನೆಗೆ ಅಡ್ಡ ಬರುತ್ತವೆ. ಟ್ಯಾಕ್ಟಿಕಲ್ ನಾಲೆಡ್ಜ್ 17 ಇದ್ದು ಶೈಲಿ ಹೊಂದದವನಿಗಿಂತ 13 ಇದ್ದು ಶೈಲಿ ಹೊಂದುವವನನ್ನು ಸೇರಿಸಿಕೊಳ್ಳಿ. ಹುಡುಕಲು ಸ್ಟಾಫ್ ಸರ್ಚ್‌ನಲ್ಲಿ ಕೆಲಸದ ಹೆಸರು, ಅಂಕಗಳ ಕನಿಷ್ಠ ಮಿತಿ ಹಾಕಿ, ಬಂದ ಪಟ್ಟಿಯಲ್ಲಿ ಒಬ್ಬೊಬ್ಬರ ಪ್ರೊಫೈಲ್ ತೆರೆದು ಫಾರ್ಮೇಷನ್ ನೋಡಿ.

ಕೆಲಸ ಹಂಚುವುದು ಸ್ಟಾಫ್ ವಿಭಾಗದ ರೆಸ್ಪಾನ್ಸಿಬಿಲಿಟೀಸ್ ಪುಟದಲ್ಲಿ. ಕಣ್ಣುಮುಚ್ಚಿ ಬಿಟ್ಟುಕೊಡಬಹುದಾದವು ಮೊದಲು: ಪತ್ರಿಕಾಗೋಷ್ಠಿ, ಸ್ನೇಹ ಪಂದ್ಯಗಳು, ಕಿರಿಯರ ತಂಡದ ಮ್ಯಾಚ್‌ಗಳು, ವಾರದ ತರಬೇತಿಯ ವೇಳಾಪಟ್ಟಿ. ತರಬೇತಿಯಲ್ಲಿ ಎರಡು ತಿದ್ದುಪಡಿ ನೀವೇ ಮಾಡಿ. ಒಂದು, ವಿಶ್ರಾಂತಿಯ ಪುಟದಲ್ಲಿ ತೀವ್ರತೆಯ ಸಾಲು. ಅಲ್ಲಿ ಆಟಗಾರನ ದೈಹಿಕ ಸ್ಥಿತಿ ತೋರಿಸುವ ಹೃದಯದ ಚಿಹ್ನೆಗೆ ತಕ್ಕಂತೆ ತರಬೇತಿ ಇಲ್ಲ, ಅರ್ಧ, ಸಾಮಾನ್ಯ, ದುಪ್ಪಟ್ಟು ಎಂದು ಆರಿಸಬಹುದು. ಪೂರ್ಣ ಹಸಿರು ಹೃದಯವಿದ್ದವರಿಗೆ ದುಪ್ಪಟ್ಟು ಇಟ್ಟರೆ ಬೆಳವಣಿಗೆ ಚೆನ್ನ, ಗಾಯವೂ ಹೆಚ್ಚು. ವಾರಕ್ಕೆ ಎರಡು ಮ್ಯಾಚ್ ಬರುವ ತಿಂಗಳುಗಳಲ್ಲಿ ಇದನ್ನು ಸಾಮಾನ್ಯಕ್ಕೆ ಇಳಿಸಿ. ಇನ್ನೊಂದು, ಹೊಸ ಸೀಸನ್ ಶುರುವಾಗುವ ಮುಂಚಿನ ವಾರಗಳು. ಆಗ ಟ್ಯಾಕ್ಟಿಕ್ಸ್‌ಗೆ ಸಂಬಂಧಿಸಿದ ಸೆಷನ್‌ಗಳು ಸಾಕಷ್ಟಿವೆಯೇ ಎಂದು ಒಮ್ಮೆ ಕಣ್ಣಾಡಿಸಿ, ಇಲ್ಲದಿದ್ದರೆ ಸೇರಿಸಿ. ತಂಡಕ್ಕೆ ಫಾರ್ಮೇಷನ್ ಎಷ್ಟು ರೂಢಿಯಾಗಿದೆ ಎಂದು ತೋರಿಸುವ ಪಟ್ಟಿಗಳು ಅರ್ಧ ಮಾತ್ರ ತುಂಬಿರುವಾಗ ಲೀಗ್ ಶುರುವಾದರೆ ಒಳ್ಳೆಯ ತಂತ್ರವೂ ಮೊದಲ ತಿಂಗಳು ಒದ್ದಾಡುತ್ತದೆ.

ಎದುರಾಳಿಗಳ ಮೇಲಿನ ಸೂಚನೆಗಳನ್ನು, ಅಂದರೆ ಯಾರನ್ನು ಬಿಗಿಯಾಗಿ ಮಾರ್ಕ್ ಮಾಡಬೇಕು, ಯಾರ ಮೇಲೆ ಮುಗಿಬೀಳಬೇಕು, ಯಾರನ್ನು ದುರ್ಬಲ ಕಾಲಿನ ಕಡೆಗೆ ತಳ್ಳಬೇಕು ಎಂಬುದನ್ನು ಬಿಡಬಹುದೇ? ಇಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ. ದುರ್ಬಲ ಕಾಲಿನ ಸೂಚನೆಯನ್ನು ಅಸಿಸ್ಟೆಂಟ್ ಸಾಮಾನ್ಯವಾಗಿ ಸರಿಯಾಗಿಯೇ ಹಾಕುತ್ತಾನೆ, ಅದರಿಂದ ನಷ್ಟ ಕಡಿಮೆ. ತೊಂದರೆ ಬರುವುದು ಬಿಗಿ ಮಾರ್ಕಿಂಗ್ ಮತ್ತು ಪ್ರೆಸ್ಸಿಂಗ್‌ನಿಂದ. ವೇಗದ ಸ್ಟ್ರೈಕರ್‌ಗೆ ನಿಧಾನಗತಿಯ ಸೆಂಟರ್ ಬ್ಯಾಕ್ ಅಂಟಿಕೊಂಡು ನಿಂತರೆ ಸ್ಟ್ರೈಕರ್ ಒಂದೇ ತಿರುವಿನಲ್ಲಿ ಬೆನ್ನ ಹಿಂದೆ ನುಗ್ಗುತ್ತಾನೆ. ಆಳದಲ್ಲಿ ನಿಂತು ಪಾಸ್ ಹಂಚುವ ಪ್ಲೇಮೇಕರ್ ಮೇಲೆ ಸದಾ ಮುಗಿಬೀಳಲು ಹೇಳಿದರೆ ನಿಮ್ಮ ಮಿಡ್‌ಫೀಲ್ಡರ್ ಜಾಗ ಬಿಟ್ಟು ಓಡುತ್ತಾನೆ, ಅವನು ಬಿಟ್ಟ ಜಾಗದಿಂದಲೇ ಗೋಲು ಬರುತ್ತದೆ. ನಿಮ್ಮ ಡಿಫೆಂಡರ್‌ಗಳ ವೇಗ 12ಕ್ಕಿಂತ ಕಡಿಮೆಯಿದ್ದರೆ ಈ ಕೆಲಸವನ್ನು ವಾಪಸ್ ಪಡೆದು, ಏನೂ ಹಾಕದೆ ಖಾಲಿ ಬಿಡುವುದೇ ವಾಸಿ.

ಇನ್ನು ಹನ್ನೊಂದರ ಆಯ್ಕೆ. ಟ್ಯಾಕ್ಟಿಕ್ಸ್ ಪುಟದಲ್ಲಿ ಕ್ವಿಕ್ ಪಿಕ್ ಒತ್ತಿದರೆ ತಂಡ ತುಂಬುತ್ತದೆ. ಅಲ್ಲಿ ಅಸಿಸ್ಟೆಂಟ್ ಆರಿಸುವುದು ಇವತ್ತಿಗೆ ಚೆನ್ನಾಗಿರುವವರನ್ನು. ಒಂದು ಸಣ್ಣ ಉದಾಹರಣೆ ನೋಡಿ. ಎಡ ಬದಿಯ ವಿಂಗರ್ ಜಾಗಕ್ಕೆ ಇಬ್ಬರಿದ್ದಾರೆ. ಒಬ್ಬ 32ರವನು, ಮೂರು ನಕ್ಷತ್ರ, ಒಪ್ಪಂದ ಈ ಬೇಸಿಗೆಗೆ ಮುಗಿಯುತ್ತದೆ. ಇನ್ನೊಬ್ಬ 18ರ ಹುಡುಗ, ಈಗ ಎರಡೂವರೆ ನಕ್ಷತ್ರ, ಮುಂದೆ ನಾಲ್ಕೂವರೆ ಆಗಬಲ್ಲವನು. ಕ್ವಿಕ್ ಪಿಕ್ ಹಿರಿಯನನ್ನೇ ಹಾಕುತ್ತದೆ, ಮುಂದಿನ ಮ್ಯಾಚಿಗೂ ಅವನನ್ನೇ. ಹುಡುಗ ಬೆಂಚಿನಲ್ಲಿ ಕೂತು ಮ್ಯಾಚ್ ಶಾರ್ಪ್‌ನೆಸ್, ಅಂದರೆ ಆಡುತ್ತಿದ್ದರೆ ಮಾತ್ರ ಉಳಿಯುವ ಚುರುಕು, ಕಳೆದುಕೊಳ್ಳುತ್ತಾನೆ, ಶಾರ್ಪ್‌ನೆಸ್ ಇಲ್ಲವೆಂದು ಮತ್ತೆ ಹೊರಗುಳಿಯುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ಹಿರಿಯ ಹೋಗಿರುತ್ತಾನೆ, ಹುಡುಗ ಬೆಳೆದಿರುವುದಿಲ್ಲ. ಇದಕ್ಕೆ ಔಷಧಿ ಇದೆ. ಕ್ವಿಕ್ ಪಿಕ್ ಒತ್ತುವ ಮೊದಲು, ಆಡಲೇಬೇಕಾದ ಇಬ್ಬರು ಮೂವರನ್ನು ನೀವೇ ಜಾಗಕ್ಕೆ ಹಾಕಿ, ಉಳಿದ ಜಾಗಗಳನ್ನು ಮಾತ್ರ ಅಸಿಸ್ಟೆಂಟ್‌ಗೆ ಬಿಡಿ. ಒಪ್ಪಂದದಲ್ಲಿ ಒಪ್ಪಿಕೊಂಡ ಆಟದ ಸಮಯವನ್ನೂ ಆಗ ನೋಡಿಕೊಳ್ಳಿ. ಸ್ಟಾರ್ ಪ್ಲೇಯರ್ ಎಂದು ಬರೆದುಕೊಟ್ಟವನು ಸತತವಾಗಿ ಹೊರಗೆ ಕೂತರೆ ದೂರು ಬರುವುದು ನಿಮ್ಮ ಬಾಗಿಲಿಗೆ, ಅಸಿಸ್ಟೆಂಟ್ ಬಾಗಿಲಿಗಲ್ಲ.

ಫಾರ್ಮೇಷನ್ ಮತ್ತು ಶೈಲಿಯ ಆಯ್ಕೆಗೆ ಬರೋಣ. ಹೊಸ ಟ್ಯಾಕ್ಟಿಕ್ ಶುರು ಮಾಡುವಾಗ ಆಟವೇ ಸಿದ್ಧ ಶೈಲಿಗಳನ್ನು ಮುಂದಿಡುತ್ತದೆ: ಗೇಗೆನ್‌ಪ್ರೆಸ್, ಟಿಕಿ-ಟಾಕಾ, ಕಂಟ್ರೋಲ್ ಪೊಸೆಷನ್, ವಿಂಗ್ ಪ್ಲೇ, ರೂಟ್ ಒನ್, ಕೌಂಟರ್ ಅಟ್ಯಾಕ್‌ನ ಎರಡು ಬಗೆ, ಇನ್ನೂ ಕೆಲವು. ಇವು ಕಂಪ್ಯೂಟರ್ ತಾನೇ ತುಂಬಿಕೊಡುವ ಸೂಚನೆಗಳ ಕಂತೆ. ಗೇಗೆನ್‌ಪ್ರೆಸ್ ಆರಿಸಿದರೆ ಡಿಫೆನ್ಸ್ ಲೈನ್ ಮೇಲಕ್ಕೆ ಏರುತ್ತದೆ, ಪ್ರೆಸ್ಸಿಂಗ್ ಹೆಚ್ಚುತ್ತದೆ, ಬಾಲ್ ಕಳೆದುಕೊಂಡ ಕೂಡಲೇ ಮರಳಿ ಕಸಿಯುವ ಸೂಚನೆ ಬರುತ್ತದೆ. ಇದು ನಿಜಕ್ಕೂ ಬಲವಾದ ತಂತ್ರ, ಆದರೆ ಸ್ಟ್ಯಾಮಿನಾ, ವರ್ಕ್ ರೇಟ್, ಟೀಮ್‌ವರ್ಕ್ ಕಡಿಮೆಯಿರುವ ತಂಡಕ್ಕೆ ಹಾಕಿದರೆ 65ನೇ ನಿಮಿಷದಿಂದ ಗೋಲು ತಿನ್ನಲು ಶುರು. ಬೆಂಗಳೂರು ಎಫ್‌ಸಿಯಂಥ ಇಂಡಿಯನ್ ಸೂಪರ್ ಲೀಗ್ ತಂಡ ಹಿಡಿಯುವವರು ಇಲ್ಲಿ ಬೇಗ ಎಡವುತ್ತಾರೆ. ವಿದೇಶಿ ಆಟಗಾರರ ಮಟ್ಟಕ್ಕೂ ಸ್ಥಳೀಯರ ಮಟ್ಟಕ್ಕೂ ಅಂತರ ದೊಡ್ಡದಿರುವುದರಿಂದ ತಂಡದ ಸರಾಸರಿ ನೋಡಿ ಶೈಲಿ ಆರಿಸಿದರೆ ಮೋಸ ಹೋಗುತ್ತೀರಿ. ಹನ್ನೊಂದರಲ್ಲಿ ಓಡಲಾಗದ ಮೂವರು ಯಾರು ಎಂದು ನೋಡಿ ಆರಿಸಬೇಕು.

ಸಿದ್ಧ ಶೈಲಿ ಆರಿಸಿದ ಮೇಲೆ ಮಾಡಬೇಕಾದ ಒಂದು ಲೆಕ್ಕವಿದೆ. ಹತ್ತು ಆಟಗಾರರ ಡ್ಯೂಟಿ ನೋಡಿ: ಡಿಫೆಂಡ್, ಸಪೋರ್ಟ್, ಅಟ್ಯಾಕ್. ಅಟ್ಯಾಕ್ ಮೂರು ಅಥವಾ ನಾಲ್ಕು ಮೀರಬಾರದು. ಒಂದೇ ಬದಿಯ ವಿಂಗರ್‌ಗೂ ಅವನ ಹಿಂದಿನ ಫುಲ್‌ಬ್ಯಾಕ್‌ಗೂ ಎರಡಕ್ಕೂ ಅಟ್ಯಾಕ್ ಇದ್ದರೆ ಒಂದನ್ನು ಸಪೋರ್ಟ್‌ಗೆ ಇಳಿಸಿ. ಕಂಪ್ಯೂಟರ್ ಕೊಟ್ಟ ಕಂತೆಯಲ್ಲಿ ಇಷ್ಟನ್ನು ತಿದ್ದಿದರೆ ಎದುರಾಳಿಯ ಕೌಂಟರ್ ಅಟ್ಯಾಕ್ ಅರ್ಧ ಸಾಯುತ್ತದೆ.

ಮ್ಯಾಚ್ ನಡೆಯುವಾಗ ಡಗೌಟ್‌ನಿಂದ, ಅಂದರೆ ಮೈದಾನದ ಅಂಚಿನ ಬೆಂಚಿನಲ್ಲಿರುವ ಅಸಿಸ್ಟೆಂಟ್‌ನಿಂದ, ಬರುವ ಸಲಹೆಗಳೇ ಈ ಆಟದಲ್ಲಿ ಅತಿ ಹೆಚ್ಚು ಜನರನ್ನು ಹಾಳು ಮಾಡಿರುವುದು. ಸಲಹೆ ಬರುತ್ತದೆ, ಪಕ್ಕದಲ್ಲೇ ಗುಂಡಿ ಇರುತ್ತದೆ, ಒತ್ತಿದರೆ ಬದಲಾವಣೆ ಜಾರಿ. ದೂರದಿಂದ ಹೊಡೆಯುತ್ತಿದ್ದೇವೆ, ಬಾಕ್ಸ್ ಒಳಗೆ ಬಾಲ್ ತನ್ನಿ ಎನ್ನುತ್ತಾನೆ, ಒತ್ತುತ್ತೀರಿ. ಹತ್ತು ನಿಮಿಷಕ್ಕೆ ಟೆಂಪೋ (ಆಟದ ವೇಗ) ಹೆಚ್ಚಿಸಿ ಎನ್ನುತ್ತಾನೆ, ಅದನ್ನೂ ಒತ್ತುತ್ತೀರಿ. ಈಗ ತಂಡ ತಾಳ್ಮೆಯಿಂದ ಬಾಕ್ಸ್ ಒಳಗೆ ತರಬೇಕು, ಅವಸರದಿಂದಲೂ ಆಡಬೇಕು. ಪ್ರತಿ ಸಲಹೆಯೂ ಆ ಹೊತ್ತಿನ ಒಂದು ಅಂಕಿಅಂಶಕ್ಕೆ ಉತ್ತರ, ಹಿಂದಿನ ಸಲಹೆಯ ಜೊತೆ ಅದು ಕೂಡುತ್ತದೆಯೇ ಎಂದು ಅವನು ಲೆಕ್ಕ ಹಾಕುವುದಿಲ್ಲ. ಟ್ಯಾಕಲ್ ಗಟ್ಟಿಯಾಗಿ ಮಾಡಿ ಎಂಬ ಸಲಹೆ ಬಂದಾಗ ಯಾರಿಗೆಲ್ಲ ಹಳದಿ ಕಾರ್ಡ್ ಆಗಿದೆ ಎಂದು ಮೊದಲು ನೋಡಿ. ಸೆಂಟರ್ ಬ್ಯಾಕ್‌ಗೆ ಒಂದು ಹಳದಿ ಇರುವಾಗ ಇದನ್ನು ಒಪ್ಪಿದರೆ ಹತ್ತು ಜನರಲ್ಲಿ ಮ್ಯಾಚ್ ಮುಗಿಸುವ ಸಾಧ್ಯತೆಯೇ ಹೆಚ್ಚು.

ಒಂದು ಸಲಕ್ಕೆ ಒಂದೇ ಸಲಹೆ ಒಪ್ಪಿ, ಅದಕ್ಕೆ ಕನಿಷ್ಠ ಹದಿನೈದು ನಿಮಿಷ ಕೊಡಿ, ಫಲ ಕಾಣದಿದ್ದರೆ ಅದನ್ನು ತೆಗೆದು ಇನ್ನೊಂದಕ್ಕೆ ಹೋಗಿ. ಈ ಕಟ್ಟುನಿಟ್ಟು ಇಟ್ಟುಕೊಂಡರೆ ಅಸಿಸ್ಟೆಂಟ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತಾನೆ. ಯಾರು ಸುಸ್ತಾಗಿದ್ದಾರೆ, ಯಾರು ಉದ್ವೇಗದಲ್ಲಿದ್ದಾರೆ ಎಂಬ ಅವನ ಮಾತನ್ನು ಮಾತ್ರ ಯಾವಾಗಲೂ ಕೇಳಿ. ಅಲ್ಲಿ ಅವನು ತಪ್ಪುವುದು ಕಡಿಮೆ.

ಮ್ಯಾಚನ್ನೇ ಪೂರ್ತಿ ಬಿಟ್ಟುಕೊಡುವ ದಾರಿ ರಜೆ ಹಾಕುವುದು. ಮೆನುವಿನಲ್ಲಿ ಗೋ ಆನ್ ಹಾಲಿಡೇ ಎಂದಿದೆ. ವಾಪಸ್ ಬರುವ ದಿನಾಂಕವನ್ನು ಮ್ಯಾಚಿನ ಮರುದಿನಕ್ಕೆ ಇಡಿ. ಈಗಿನ ಟ್ಯಾಕ್ಟಿಕ್ಸ್ ಮತ್ತು ಆಯ್ಕೆಯನ್ನೇ ಸಾಧ್ಯವಾದಷ್ಟು ಬಳಸಬೇಕು ಎಂಬ ಸಾಲಿಗೆ ಟಿಕ್ ಹಾಕುವುದನ್ನು ಮರೆಯಬೇಡಿ. ಆ ಒಂದು ಟಿಕ್ ಬಿಟ್ಟರೆ ಅಸಿಸ್ಟೆಂಟ್ ತನ್ನ ಮನಸ್ಸಿಗೆ ಬಂದ ತಂಡವನ್ನು ಇಳಿಸುತ್ತಾನೆ. ವಾರಗಟ್ಟಲೆ ಕಲಿಸಿದ ಫಾರ್ಮೇಷನ್ ಅಂದು ಮೈದಾನದಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕಿಟಕಿ (ಆಟಗಾರರನ್ನು ಕೊಳ್ಳುವ, ಮಾರುವ ಅವಧಿ) ತೆರೆದಿರುವ ಜನವರಿಯಲ್ಲಿ ರಜೆ ಹಾಕುವುದಾದರೆ ಬರುವ ಎಲ್ಲ ಆಫರ್‌ಗಳನ್ನೂ ತಿರಸ್ಕರಿಸುವ ಆಯ್ಕೆಗೂ ಟಿಕ್ ಹಾಕಿ. ರಜೆಯಲ್ಲಿದ್ದಾಗ ಮ್ಯಾಚಿನ ನಡುವೆ ನಿಮ್ಮ ಎರಡನೇ, ಮೂರನೇ ಟ್ಯಾಕ್ಟಿಕ್‌ಗೆ ಅವನು ಸಮಯಕ್ಕೆ ಸರಿಯಾಗಿ ಬದಲಾಯಿಸುತ್ತಾನೆ ಎಂದು ನೆಚ್ಚಿಕೊಳ್ಳಬೇಡಿ. ಹಾಗಾಗಿ ಹೋಗುವ ಮುನ್ನ ಮೆಂಟಾಲಿಟಿಯನ್ನು (ತಂಡ ಎಷ್ಟು ಮುನ್ನುಗ್ಗಿ ಆಡಬೇಕು ಎಂಬ ಸೂಚನೆಯನ್ನು) ಬ್ಯಾಲೆನ್ಸ್ಡ್ ಅಥವಾ ಪಾಸಿಟಿವ್‌ನಲ್ಲಿ ಬಿಡಿ. ಅಟ್ಯಾಕಿಂಗ್‌ನಲ್ಲಿ ಬಿಟ್ಟು ಹೋದ ತಂಡ ಎರಡು ಗೋಲು ಮುಂದಿದ್ದಾಗಲೂ ಮುಂದೆ ನುಗ್ಗುತ್ತಲೇ ಇರುತ್ತದೆ.

ಸಣ್ಣ ತಂಡಗಳ ವಿರುದ್ಧದ ಮನೆಯ ಪಂದ್ಯ, ಆರಂಭದ ಸುತ್ತಿನ ಕಪ್ ಪಂದ್ಯ, ಸ್ಥಾನ ನಿರ್ಧಾರವಾಗಿ ಹೋದ ಮೇಲಿನ ಲೀಗ್ ಪಂದ್ಯ, ಇವಕ್ಕೆ ರಜೆ ಸರಿ. ಡರ್ಬಿ (ಪಕ್ಕದೂರಿನ ಎದುರಾಳಿಯ ಜೊತೆಗಿನ ಪಂದ್ಯ), ನಾಕೌಟ್, ನಿಮಗಿಂತ ದೊಡ್ಡ ತಂಡದ ಮೈದಾನ, ಇವಕ್ಕೆ ಬೇಡವೇ ಬೇಡ.

ಇಲ್ಲಿಯವರೆಗೆ ಹೇಳಿದಂತೆ ನಡೆಸಿದರೆ ಸೀಸನ್ನಿನ ಮೊದಲ ಅರ್ಧ ಚೆನ್ನಾಗಿಯೇ ಸಾಗುತ್ತದೆ. ಆಮೇಲೆ ಗೆಲುವು ನಿಲ್ಲುತ್ತದೆ. ಅಸಿಸ್ಟೆಂಟ್ ಕೆಟ್ಟ ಎಂದು ಬಯ್ಯುವ ಮೊದಲು ಕಾರಣ ತಿಳಿಯಿರಿ. ನೀವು ಗೆದ್ದಂತೆ ತಂಡದ ಹೆಸರು ಏರುತ್ತದೆ, ಎದುರಾಳಿ ಕಂಪ್ಯೂಟರ್ ಮ್ಯಾನೇಜರ್‌ಗಳು ಎಚ್ಚರವಾಗಿ ಹಿಂದೆ ನಿಂತು ಆಡಲು ಶುರು ಮಾಡುತ್ತಾರೆ. ಮೊದಲು ನಿಮ್ಮ ವೇಗದ ವಿಂಗರ್‌ಗಳಿಗೆ ಅವರ ಡಿಫೆನ್ಸ್ ಹಿಂದೆ ಮೂವತ್ತು ಗಜ ಖಾಲಿ ಜಾಗ ಇತ್ತು. ಈಗ ಬಾಕ್ಸ್ ಮುಂದೆ ಹತ್ತು ಜನ ಗೋಡೆ ಕಟ್ಟಿದ್ದಾರೆ. ನಿಮ್ಮ ಬಾಲ್ ಪೊಸೆಷನ್ ಶೇಕಡಾ 60 ದಾಟಿ, ಶಾಟ್‌ಗಳು ಇಪ್ಪತ್ತಾಗಿ, ಸ್ಕೋರ್ ಮಾತ್ರ 0-0 ಅಥವಾ 0-1 ಎಂದು ಮತ್ತೆ ಮತ್ತೆ ಬಂದರೆ ಇದೇ ರೋಗ. ಅಸಿಸ್ಟೆಂಟ್‌ಗೆ ಒಂದು ಮ್ಯಾಚ್ ಕಾಣುತ್ತದೆ, ಸೀಸನ್ನಿನ ಈ ತಿರುವು ಕಾಣುವುದಿಲ್ಲ. ಇದನ್ನು ನೀವೇ ಹಿಡಿಯಬೇಕು: ಟೆಂಪೋ ಒಂದು ಹಂತ ಇಳಿಸಿ, ಆಟದ ಅಗಲ ಹೆಚ್ಚಿಸಿ, ಇಬ್ಬರು ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬನಿಗೆ ತಡವಾಗಿ ಬಾಕ್ಸ್‌ಗೆ ನುಗ್ಗುವ ರೋಲ್ ಕೊಡಿ, ಹೆಡರ್ ಬಲ್ಲ ಸ್ಟ್ರೈಕರ್ ಇದ್ದರೆ ಆಡಿಸಿ.

ಇದಕ್ಕಾಗಿಯೇ ಆಟ ಕೊಡುವ ಮೂರು ಟ್ಯಾಕ್ಟಿಕ್ ಜಾಗಗಳನ್ನೂ ಸೀಸನ್ ಶುರುವಾಗುವ ಮೊದಲೇ ತುಂಬಿ. ಮೂರಕ್ಕೂ ಫಾರ್ಮೇಷನ್ ಒಂದೇ ಇರಲಿ, ಸೂಚನೆಗಳು ಮಾತ್ರ ಬೇರೆ: ಮಾಮೂಲಿ ಆಟಕ್ಕೆ ಒಂದು, ಗೋಡೆ ಕಟ್ಟಿದವರನ್ನು ಒಡೆಯಲು ಒಂದು, ಮುನ್ನಡೆ ಕಾಯ್ದುಕೊಳ್ಳಲು ಒಂದು. ಆಕಾರ ಒಂದೇ ಆದರೆ ಪರಿಚಯದ ಅಂಕ ಮೂರರಲ್ಲೂ ಬೇಗ ಏರುತ್ತದೆ. ಮೂರು ಬೇರೆ ಬೇರೆ ಫಾರ್ಮೇಷನ್ ಹಾಕಿದವರ ತಂಡ ಯಾವುದನ್ನೂ ಪೂರ್ತಿ ಕಲಿಯುವುದಿಲ್ಲ.

ಕಾರ್ನರ್, ಫ್ರೀ ಕಿಕ್‌ಗಳ ವಿಷಯದಲ್ಲಿ 2024ರ ಆವೃತ್ತಿಗೆ ಪೂರ್ಣ ಅಂಕ ಕೊಡುತ್ತೇನೆ. ಈ ಕೆಲಸಕ್ಕೇ ಪ್ರತ್ಯೇಕ ಸೆಟ್ ಪೀಸ್ ಕೋಚ್ ಬಂದಿದ್ದಾನೆ. ಹತ್ತಿರದ ಕಂಬಕ್ಕೋ ದೂರದ ಕಂಬಕ್ಕೋ, ಹಿಂದೆ ಎಷ್ಟು ಜನ ಉಳಿಯಬೇಕು ಎಂಬಂಥ ಕೆಲವು ಪ್ರಶ್ನೆ ಕೇಳಿ ಅವನೇ ರೊಟೀನ್ ಸಿದ್ಧಪಡಿಸುತ್ತಾನೆ. ಕಿಕ್ ತೆಗೆಯುವವನ ಕಾರ್ನರ್ ಅಂಕವನ್ನೂ, ಮುಖ್ಯ ಗುರಿಯ ಜಾಗದಲ್ಲಿ ನಿಂತವನ ಹೆಡಿಂಗ್ ಮತ್ತು ಜಂಪಿಂಗ್ ರೀಚ್ ಅನ್ನೂ ಒಮ್ಮೆ ನೋಡಿದರೆ ಸಾಕು, ಸೀಸನ್ ಪೂರ್ತಿ ಮರೆಯಬಹುದು.

ಆಟಗಾರರ ಖರೀದಿ, ಮಾರಾಟ, ಒಪ್ಪಂದ ನವೀಕರಣ ಇವನ್ನು ಡೈರೆಕ್ಟರ್ ಆಫ್ ಫುಟ್‌ಬಾಲ್‌ಗೆ ಬಿಡುವ ಸೌಲಭ್ಯವಿದೆ, ನನ್ನ ಪ್ರಕಾರ ಬಳಸಬಾರದು. ಬೇಡದವರನ್ನು ಮಾರಲು, ಲೋನ್‌ಗೆ ಕಳಿಸಲು ಮಾತ್ರ ಅವನು ಸಾಕು. ಸಂಬಳದ ಲೆಕ್ಕ ಒಮ್ಮೆ ಕೈತಪ್ಪಿದರೆ ಮೂರು ಸೀಸನ್ ಎಳೆಯುತ್ತದೆ.

ಯಂತ್ರದ ಮಾತು. ಕಂಪನಿ ಹೇಳುವ ಕನಿಷ್ಠ 4 ಜಿಬಿ ರ‍್ಯಾಮ್, 7 ಜಿಬಿ ಜಾಗ. ಹಳೆ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಆದರೆ 4 ಜಿಬಿಯಲ್ಲಿ ಒಂದು ಅಥವಾ ಎರಡು ದೇಶದ ಲೀಗ್‌ಗಿಂತ ಹೆಚ್ಚು ಲೋಡ್ ಮಾಡಬೇಡಿ, ದಿನ ಮುಂದೆ ಸರಿಯುವುದೇ ನಿಧಾನವಾಗುತ್ತದೆ. ರ‍್ಯಾಮ್ 8 ಮಾಡಿಸಿಕೊಂಡರೆ ವ್ಯತ್ಯಾಸ ಅಂದೇ ಕಾಣುತ್ತದೆ. ಇಂಟರ್ನೆಟ್ ಬೇಕಿರುವುದು ಡೌನ್‌ಲೋಡ್‌ಗೆ. ಆಮೇಲೆ ಸ್ಟೀಮ್ (ಆಟ ಕೊಂಡು ಆಡುವ ಆ್ಯಪ್) ಆಫ್‌ಲೈನ್ ಮೋಡ್‌ನಲ್ಲಿ ಆಡಬಹುದು, ಸಿಗ್ನಲ್ ಸಿಗದ ತೋಟದ ಮನೆಯಲ್ಲೂ ತೊಂದರೆಯಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ಗೊತ್ತಿರುವುದೇ. ಪ್ರಿಫರೆನ್ಸಸ್‌ನಲ್ಲಿ ಆಟೋಸೇವ್ ವಾರಕ್ಕೊಮ್ಮೆ ಇಟ್ಟು, ಒಂದೇ ಫೈಲಿನ ಮೇಲೆ ಬರೆಯದೆ ಮೂರು ಫೈಲುಗಳಲ್ಲಿ ಸರದಿಯಂತೆ ಸೇವ್ ಆಗುವ ರೋಲಿಂಗ್ ಆಯ್ಕೆ ಹಾಕಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಸೇವ್ ಆಗುತ್ತಿರುವಾಗಲೇ ಆರಿದರೆ ಆ ಫೈಲ್ ಕೆಡುವ ಸಂಭವವಿದೆ. ಹಿಂದಿನದೊಂದು ಉಳಿದಿದ್ದರೆ ನಷ್ಟ ಆಟದೊಳಗಿನ ಒಂದೆರಡು ವಾರಗಳದ್ದು ಮಾತ್ರ.

2025ರ ಆವೃತ್ತಿಯನ್ನು ಈ ಆಟ ತಯಾರಿಸುವ ಸ್ಪೋರ್ಟ್ಸ್ ಇಂಟರಾಕ್ಟಿವ್ ಕಂಪನಿ 2025ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಆಮೇಲೆ 2025ರ ನವೆಂಬರ್ 4ಕ್ಕೆ ಬಂದದ್ದು ಫುಟ್‌ಬಾಲ್ ಮ್ಯಾನೇಜರ್ 26, ಯೂನಿಟಿ ಎಂಬ ಹೊಸ ಗೇಮ್ ಎಂಜಿನ್ನಿನ (ಆಟ ಕಟ್ಟುವ ಸಾಫ್ಟ್‌ವೇರ್) ಮೇಲೆ. ಅದರಲ್ಲಿ ಬಾಲ್ ನಮ್ಮ ಬಳಿ ಇರುವಾಗ ಒಂದು ಫಾರ್ಮೇಷನ್, ಇಲ್ಲದಿರುವಾಗ ಇನ್ನೊಂದು ಎಂದು ಬೇರೆ ಬೇರೆ ಹಾಕಬಹುದು. ತಂತ್ರವನ್ನು ಅಸಿಸ್ಟೆಂಟ್‌ಗೆ ಬಿಡುವವರಿಗೆ ಇದರಿಂದ ಕೆಲಸ ಒಂದು ಪಟ್ಟು ಹೆಚ್ಚು: ಆಯ್ಕೆ ಅವನಿಗೆ ಬಿಟ್ಟ ಮೇಲೆ ಎರಡೂ ಆಕಾರಗಳನ್ನು ತೆರೆದು, ಒಂದರಲ್ಲಿ ಫುಲ್‌ಬ್ಯಾಕ್ ಆಗಿರುವವನು ಇನ್ನೊಂದರಲ್ಲಿ ಎಲ್ಲಿಗೆ ಹೋಗುತ್ತಾನೆ, ಆ ಜಾಗ ಅವನಿಗೆ ಆಡಲು ಬರುತ್ತದೆಯೇ ಎಂದು ನೋಡಲೇಬೇಕು. 24ರಲ್ಲಿ ಕೈ ಕೂತವರು ಅಲ್ಲಿಗೆ ಹೋಗುವಾಗ ಮೊದಲ ಕೆಲವು ತಿಂಗಳು ಎರಡೂ ಫಾರ್ಮೇಷನ್ ಹತ್ತಿರ ಹತ್ತಿರ ಇರುವಂತೆ, ಇಬ್ಬರು ಆಟಗಾರರಿಗಿಂತ ಹೆಚ್ಚು ಮಂದಿ ಜಾಗ ಬದಲಿಸದಂತೆ ಇಟ್ಟುಕೊಳ್ಳಿ.